ಗಣಕದಿಂದ ಗಣಕಕ್ಕೆ ಹೆಸರು ಸಾಗುವ ಬಗೆ

ಮುಂಡರಗಿಯ ಶಾಲೆಯಲ್ಲಿ ಹತ್ತನೆಯ ತರಗತಿ ಓದುವ ಹುಡುಗಿಯೊಬ್ಬಳ ಹೆಸರು ಎಷ್ಟು ಗಣಕಗಳಲ್ಲಿ ದಾಖಲಾಗಿರುತ್ತದೆ ಎಂದು ಎಣಿಸಿದ್ದೀರಾ? ಶಾಲೆ, ಪರೀಕ್ಷಾ ಮಂಡಳಿ, ವಿದ್ಯಾರ್ಥಿವೇತನದ ಇಲಾಖೆ, ಬ್ಯಾಂಕು, ಆಧಾರ್. ಇವುಗಳ ತಂತ್ರಾಂಶ ಬರೆದವರು ಬೇರೆ ಬೇರೆ. ಒಂದರ ಮಾಹಿತಿ ಇನ್ನೊಂದಕ್ಕೆ ತಿಳಿಯಬೇಕಾದರೆ ಅದನ್ನು ಯಾವ ಕ್ರಮದಲ್ಲಿ ಬರೆದು ಕಳಿಸಬೇಕೆಂಬ ಒಪ್ಪಂದ ಬೇಕು. ಈ ಕ್ರಮಕ್ಕೇ ‘ಫಾರ್ಮ್ಯಾಟ್’ ಎನ್ನುತ್ತಾರೆ. ಒಪ್ಪಂದ ತಪ್ಪಿದರೆ ಹೆಸರು ಒಂದೆಡೆ ಒಂದು, ಇನ್ನೊಂದೆಡೆ ಮತ್ತೊಂದು ಆಗುತ್ತದೆ. ಆಮೇಲೆ ತಿದ್ದುಪಡಿಗಾಗಿ ಪಾಲಕರು ಕೂಲಿ ಬಿಟ್ಟು ಗದಗಿಗೆ ಅಲೆಯಬೇಕು.

ಮೊದಲು ಅಕ್ಷರದ ವಿಚಾರ ನೋಡೋಣ. ಗಣಕಕ್ಕೆ ಗೊತ್ತಿರುವುದು ಅಂಕಿ ಮಾತ್ರ. ಬರಹ, ನುಡಿಗಳ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂಡಿಸಿದ್ದರು. ನುಡಿಯಲ್ಲಿ ‘ಪಿ’ ಎಂಬ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ‘ಕ’ದ ಒಡಲು, ಬೇರೊಂದು ಜಾಗದಲ್ಲಿ ಅದರ ತಲೆಕಟ್ಟು. ಆ ಅಕ್ಷರಶೈಲಿ ಇದ್ದ ಗಣಕದಲ್ಲಿ ಓದಲು ಚೆಂದ. ಇಲ್ಲದ ಗಣಕದಲ್ಲಿ ತೆರೆದರೆ ಚುಕ್ಕೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಆ ಕಾಲದಲ್ಲಿ ಕನ್ನಡವನ್ನು ತೆರೆಯ ಮೇಲೆ ಮೂಡಿಸಿದ್ದೇ ದೊಡ್ಡ ಉಪಕಾರ, ಅದನ್ನು ಮರೆಯಬಾರದು. ಆದರೆ ಅದು ಮುದ್ರಣಕ್ಕೆ ಸರಿ, ವಿನಿಮಯಕ್ಕೆ ಅಲ್ಲ.

1991ರಲ್ಲಿ ಬಂದ ಯುನಿಕೋಡ್ ಕನ್ನಡದ ಪ್ರತಿ ಅಕ್ಷರಕ್ಕೂ ಜಗತ್ತಿನಲ್ಲೆಲ್ಲ ಒಂದೇ ಸಂಖ್ಯೆ ಕೊಟ್ಟಿತು. ‘ಕ’ ಎಂದರೆ 3221. ಇದನ್ನು ಯುಟಿಎಫ್-8 ಎಂಬ ಕ್ರಮದಲ್ಲಿ ಬರೆದರೆ 224, 178, 149 ಎಂಬ ಮೂರು ಬೈಟ್‌ಗಳಾಗುತ್ತವೆ. ‘ಮುಂಡರಗಿ’ಯನ್ನೇ ಬಿಡಿಸಿ: ಮ, ಕೊಂಬು, ಸೊನ್ನೆ, ಡ, ರ, ಗ, ಗುಡಿಸು. ಏಳು ಘಟಕ, ಒಟ್ಟು 21 ಬೈಟ್. ಭಾರತದ್ದೇ ಆದ ಇಸ್ಕಿ ಸಂಕೇತದಲ್ಲಿ ಇದಕ್ಕೆ ಏಳೇ ಬೈಟ್ ಸಾಕಿತ್ತು. ಮೂರು ಪಟ್ಟು ಜಾಗ ದಂಡ ತೆತ್ತರೂ ನನ್ನ ಮತ ಯುನಿಕೋಡ್‌ಗೇ. ಜಾಗ ಈಗ ಅಗ್ಗ, ಹೆಸರು ಅಗ್ಗವಲ್ಲ.

ಇನ್ನು ಅಕ್ಷರಗಳನ್ನು ಜೋಡಿಸುವ ಬಗೆ. ಎಲ್ಲಕ್ಕಿಂತ ಸರಳವಾದುದು ಸಿಎಸ್‌ವಿ: ಒಂದು ಸಾಲಿಗೆ ಒಬ್ಬ ವಿದ್ಯಾರ್ಥಿ, ವಿವರಗಳ ನಡುವೆ ಅಲ್ಪವಿರಾಮ. ವಿಳಾಸದೊಳಗೇ ಅಲ್ಪವಿರಾಮ ಬಂದರೆ? ಆ ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಮರೆತರೆ ಮುಂದಿನ ಕಾಲಮುಗಳೆಲ್ಲ ಒಂದು ಮನೆ ಸರಿಯುತ್ತವೆ. ಗದಗಿನ ದೂರವಾಣಿ ಸಂಕೇತ 08372 ಅನ್ನು ಎಕ್ಸೆಲ್‌ನಲ್ಲಿ ತೆರೆದು ನೋಡಿ. ಅದು ಸಂಖ್ಯೆಯೆಂದು ತಿಳಿದು ಮುಂದಿನ ಸೊನ್ನೆಯನ್ನು ನುಂಗಿರುತ್ತದೆ. ಜನ್ಮದಿನಾಂಕವಂತೂ ಇನ್ನೂ ಅಪಾಯ. 05-08-2010 ನಮಗೆ ಆಗಸ್ಟ್ 5, ಅಮೆರಿಕದ ಪದ್ಧತಿಗೆ ಹೊಂದಿಸಿದ ಗಣಕಕ್ಕೆ ಮೇ 8. ಅದಕ್ಕಾಗಿಯೇ 2010-08-05 ಎಂದು ವರ್ಷ ಮುಂದಿಟ್ಟು ಬರೆಯುವ ಅಂತರರಾಷ್ಟ್ರೀಯ ಮಾನಕ 1988ರಿಂದಲೇ ಇದೆ.

1998ರಲ್ಲಿ ಮಾನ್ಯತೆ ಪಡೆದ ಎಕ್ಸ್‌ಎಂಎಲ್‌ನಲ್ಲಿ ಪ್ರತಿ ವಿವರದ ಹಿಂದೂ ಮುಂದೂ ಹೆಸರಿನ ಚೀಟಿ ಅಂಟಿರುತ್ತದೆ. ಬರಹ ಉದ್ದ, ಆದರೆ ಕಟ್ಟುನಿಟ್ಟು. ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಕಡತ ಇದೇ ರೂಪದಲ್ಲಿ, ಡಿಜಿಟಲ್ ಸಹಿಯೊಂದಿಗೆ ಬರುತ್ತದೆ. ಜೇಸನ್ ಇದಕ್ಕಿಂತ ಹಗುರ. ಅಡತಿ ಅಂಗಡಿಯ ಲೆಕ್ಕಿಗರು ಜಿಎಸ್‌ಟಿಯ ಆಫ್‌ಲೈನ್ ಉಪಕರಣದಲ್ಲಿ ತಯಾರಿಸಿ ಪೋರ್ಟಲ್‌ಗೆ ಏರಿಸುವ ಕಡತ ಜೇಸನ್ನೇ; ಅದರ ಹೆಸರಿನ ಬಾಲದಲ್ಲಿಯೇ ಇದನ್ನು ಕಾಣಬಹುದು. ಒಂದು ಬಿಲ್ಲಿನೊಳಗೆ ಹಲವು ಸರಕು, ಪ್ರತಿ ಸರಕಿಗೆ ಬೇರೆ ತೆರಿಗೆ, ಹೀಗೆ ಒಳಗೊಳಗೆ ಕವಲೊಡೆಯುವ ಮಾಹಿತಿ ಸಿಎಸ್‌ವಿಯ ಸಾಲಿಗೆ ಒಗ್ಗುವುದಿಲ್ಲ.

ಆದರೂ ಬರೀ ತರಗತಿಯ ಪಟ್ಟಿ ಕಳಿಸಲು ಜೇಸನ್ ಹಿಡಿದು ಕೂರುವುದು ಗುಬ್ಬಿಗೆ ಬ್ರಹ್ಮಾಸ್ತ್ರ ಬಿಟ್ಟಂತೆ. ಯುನಿಕೋಡ್‌ನಲ್ಲಿರುವ ಸಿಎಸ್‌ವಿ, ಮೇಲೊಂದು ಶೀರ್ಷಿಕೆಯ ಸಾಲು, ಜೊತೆಗೆ ಯಾವ ಕಾಲಮಿನಲ್ಲಿ ಏನಿದೆ ಎಂಬ ಒಂದು ಪುಟದ ವಿವರಣೆ, ಇಷ್ಟು ಧಾರಾಳವಾಯಿತು.

ಆ ವಿವರಣೆಯಲ್ಲಿ ಮಾನ ಇರಲೇಬೇಕು, ವಿದ್ಯಾರ್ಥಿಗಳೇ. ಮಂಗಳ ಗ್ರಹಕ್ಕೆ ನಾಸಾ ಕಳಿಸಿದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರ್ 23ರಂದು ನಾಶವಾಯಿತು. ಒಂದು ತಂತ್ರಾಂಶ ಕೊಟ್ಟ ಅಂಕಿ ಪೌಂಡ್-ಸೆಕೆಂಡ್‌ನಲ್ಲಿತ್ತು, ಇನ್ನೊಂದು ಅದನ್ನು ನ್ಯೂಟನ್-ಸೆಕೆಂಡ್ ಎಂದೇ ಓದಿತು. ಎರಡಕ್ಕೂ ಸುಮಾರು 4.45 ಪಟ್ಟು ಅಂತರ. ಅಂಕಿ ಸುಸೂತ್ರವಾಗಿ ತಲುಪಿತ್ತು, ಅರ್ಥ ತಲುಪಿರಲಿಲ್ಲ. ನಮ್ಮ ತುಂಗಭದ್ರಾ ಜಲಾಶಯದ ಗರಿಷ್ಠ ಮಟ್ಟ 1633 ಅಡಿ. ಬರೀ 1633 ಎಂದು ಕಳಿಸಿದರೆ, ಮೀಟರಿನಲ್ಲಿ ಲೆಕ್ಕ ಹಾಕುವ ತಂತ್ರಾಂಶಕ್ಕೆ ನೀರು ಎಲ್ಲಿ ನಿಂತಂತೆ ಕಾಣುತ್ತದೆ? ಇದನ್ನು ಮೀಟರಿಗೆ ಬದಲಿಸುವ ಲೆಕ್ಕ ನಿಮಗೇ ಬಿಟ್ಟಿದ್ದೇನೆ. ಉತ್ತರ 498ಕ್ಕಿಂತ ತುಸು ಕಡಿಮೆ ಬರಬೇಕು.