ಕೆಮ್ಮು ತೆಗೆದ ಬೈಠಕ್

ಹಳೆಯ ಬೈಠಕ್ಕುಗಳ ಧ್ವನಿಮುದ್ರಣವನ್ನು ತೊಳೆದು, ಒರೆಸಿ, ಹೊಸ ಡಬ್ಬಿಯಲ್ಲಿಟ್ಟು ಮತ್ತೊಮ್ಮೆ ಮಾರುವ ಉದ್ಯೋಗ ಬಹಳ ವರ್ಷಗಳಿಂದ ನಡೆದಿದೆ. ಕ್ಯಾಸೆಟ್ಟಾಗಿ ಬಂದದ್ದು ಸಿ.ಡಿ. ಆಯಿತು, ಸಿ.ಡಿ. ಹೋಗಿ ಪೆನ್‌ಡ್ರೈವ್ ಆಯಿತು, ಈಗ ಮೊಬೈಲಿನಲ್ಲೇ ಬರುತ್ತದೆ. ಪ್ರತಿ ಸಲವೂ 'ಡಿಜಿಟಲ್ ರೀಮಾಸ್ಟರ್ಡ್' ಎಂಬ ಬಿರುದು, ಪ್ರತಿ ಸಲವೂ ಹಿಂದಿನದಕ್ಕಿಂತ ಸ್ವಚ್ಛವೆಂಬ ಹೊಗಳಿಕೆ. ಇದಕ್ಕೆ ಮತ್ತೆ ದುಡ್ಡು ಕೊಡಬೇಕೇ ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ತೊಳೆದದ್ದು ಏನನ್ನು? ಯಂತ್ರದ ಕೊಳೆಯನ್ನೋ, ಕೂತ ಮಂದಿಯನ್ನೋ?

ನಾನು ಸಂಗೀತದ ಪಂಡಿತೆಯಲ್ಲ. ಶಾಲೆಯಲ್ಲಿ ಕನ್ನಡ ಕಲಿಸುವವಳು. ಆದರೆ ದಿಗ್ಗೇವಾಡಿಯಂಥ ಊರಲ್ಲಿ ಹುಟ್ಟಿದವರಿಗೆ ಮಿರಜ ದೂರವಲ್ಲ. ರೈಲು ಹತ್ತಿದರೆ ಕುಡಚಿ, ಉಗಾರ, ಶೇಡಬಾಳ, ಆಮೇಲೆ ಮಿರಜ. ನಮ್ಮ ಕಡೆಯವರು ಅಲ್ಲಿಗೆ ಎರಡು ಕಾರಣಕ್ಕೆ ಹೋಗುತ್ತಿದ್ದರು: ದೊಡ್ಡ ದವಾಖಾನೆಗೆ, ಇಲ್ಲವೆ ಗಾಣೆ ಕೇಳಲಿಕ್ಕೆ. 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಂ ಖಾನ್ ಸಾಹೇಬರು ಮಣ್ಣಾದದ್ದು ಅಲ್ಲಿನ ಮೀರಾಸಾಹೇಬರ ದರ್ಗಾದಲ್ಲಿ. ಉರುಸಿಗೆ ಅಲ್ಲಿ ಹಾಡುವುದೆಂದರೆ ದೊಡ್ಡ ದೊಡ್ಡ ಗವಾಯಿಗಳೂ ಸೇವೆಯೆಂದೇ ತಿಳಿಯುತ್ತಾರೆ. ತಂಬೂರಿ ಮಾಡುವವರ ಓಣಿಯೂ ಅಲ್ಲೇ ಇದೆ. ಮಿರಜದ ಸಿತಾರಿಗೂ ತಂಬೂರಿಗೂ 2024ರಲ್ಲಿ ಸರಕಾರದ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿತು. ಸಿಗುವ ಮೊದಲೂ ಆ ತಂಬೂರಿಯ ನಾದ ಹಾಗೆಯೇ ಇತ್ತೆನ್ನಿ.

ನಮ್ಮಪ್ಪ ಕಬ್ಬಿನ ಬಿಲ್ಲು ಬಂದ ವರ್ಷ ಒಂದು ಟೂ-ಇನ್-ಒನ್ ಟೇಪ್ ರೆಕಾರ್ಡರ್ ಕೊಂಡಿದ್ದರು. 1986ರ ಉರುಸಿಗೆ ಅದನ್ನು ಹೆಗಲಿಗೆ ಹಾಕಿಕೊಂಡು ನನ್ನನ್ನೂ ಕರೆದುಕೊಂಡು ಮಿರಜಕ್ಕೆ ಹೋದರು. ನಮ್ಮ ಭಾಗದ ಹಿರಿಯ ಗವಾಯಿಗಳೊಬ್ಬರು ಅಂದು ಹಾಡಿದರು. ಅವರ ಹೆಸರು ಹೇಳುವುದಿಲ್ಲ, ಮನೆಯವರ ಅಪ್ಪಣೆ ನಾನು ಪಡೆದಿಲ್ಲ. ತೊಂಬತ್ತು ನಿಮಿಷದ ಕ್ಯಾಸೆಟ್ಟು, ಒಂದು ಮಗ್ಗುಲಿಗೆ ನಲವತ್ತೈದು. ಅಪ್ಪ ಹೋದ ಮೇಲೂ ಅದು ನಮ್ಮ ಟ್ರಂಕಿನಲ್ಲಿತ್ತು. ಎರಡು ವರ್ಷದ ಹಿಂದೆ ಪುಣೆಯಲ್ಲಿರುವ ನನ್ನ ಅಣ್ಣನ ಮಗ ಅದನ್ನು ಒಯ್ದು, ಒಂದು ಸ್ಟುಡಿಯೋದಲ್ಲಿ 'ರಿಪೇರಿ' ಮಾಡಿಸಿ ತಂದ. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಅಂಗಡಿಯಲ್ಲಿ ಕೊಂಡ ರೀಮಾಸ್ಟರಿನಲ್ಲಿ ಮೊದಲು ಏನಿತ್ತು, ಏನು ಹೋಯಿತು ಎಂಬುದು ನಮಗೆ ತಿಳಿಯುವುದಿಲ್ಲ. ಇದರಲ್ಲಿ ನನಗೆ ತಿಳಿಯುತ್ತದೆ. ನಾನು ಅಲ್ಲಿ ಕೂತಿದ್ದೆ, ಮುಂದೆ ಆ ಕ್ಯಾಸೆಟ್ಟನ್ನು ನೂರು ಸಲ ಕೇಳಿದ್ದೇನೆ.

ತೊಂಬತ್ತು ನಿಮಿಷ ಎಪ್ಪತ್ತೊಂದಾಗಿ ಬಂದಿತ್ತು. ಮೊದಲಿನ ಸುರ ಕೂಡಿಸುವುದು ಇಲ್ಲ. ನಡುವಿನ ಮಾತು ಇಲ್ಲ. ಕೆಮ್ಮು, ಮಗುವಿನ ಅಳು, ದೂರದ ರೈಲಿನ ಸಿಳ್ಳು ಯಾವುದೂ ಇಲ್ಲ. ಸಮ್ ಬಂದಾಗ ಪಿಸುದನಿಯಲ್ಲಿ 'ಹಾಂ, ಬಂತ ನೋಡು' ಎನ್ನುತ್ತಿದ್ದ ನಮ್ಮಪ್ಪನೂ ಇಲ್ಲ. ನಾನು ಮುಖ ಸಣ್ಣ ಮಾಡಿದ್ದನ್ನು ನೋಡಿ ಹುಡುಗ ಹೇಳಿದ:

"ಆತ್ಯಾ, ಕೆಮ್ಮು ಕೇಳಾಕ ಯಾರರೆ ರೊಕ್ಕಾ ಕೊಡ್ತಾರೇನ?"

ಅವನ ಮಾತಿನಲ್ಲಿ ನ್ಯಾಯವಿದೆ. ಅಪ್ಪನ ದನಿ ನನಗೆ ಬೇಕು, ಲೋಕಕ್ಕೇಕೆ ಬೇಕು? ಅದನ್ನೇ ನನ್ನ ವಾದವಾಗಿ ಹೂಡಿದರೆ ಇದು ಬರೀ ಮಗಳ ಅಳಲಾದೀತು. ಆದ್ದರಿಂದ ಅಪ್ಪನನ್ನು ಪಕ್ಕಕ್ಕಿಟ್ಟು ಬರೀ ಸಂಗೀತವನ್ನೇ ಕೇಳಿದೆ. ಆಗ ಗೊತ್ತಾಯಿತು, ಕೆಟ್ಟದ್ದು ನನ್ನ ಮನಸ್ಸಷ್ಟೇ ಅಲ್ಲ.

ಮೂಲದಲ್ಲಿ ಒಂದು ಪ್ರಸಂಗವಿದೆ. ವಿಲಂಬಿತ ಏಕತಾಲದಲ್ಲಿ ಗವಾಯಿಗಳು ಒಂದು ಕಡೆ ಮೇಲಿನಿಂದ ಸುರವನ್ನು ಜಾರಿಸಿಕೊಂಡು ಬಂದು ನಿಲ್ಲಿಸುತ್ತಾರೆ. ಮುಂದಿನ ಸಾಲಿನಲ್ಲಿದ್ದ ಮುದುಕರೊಬ್ಬರು ಮರಾಠಿಯಲ್ಲಿ 'ಪುನ್ಹಾ ಏಕದಾ' ಎಂದು ಕೇಳಿಕೊಳ್ಳುತ್ತಾರೆ. ಗವಾಯಿಗಳು ನಗುತ್ತಾರೆ. ನಕ್ಕು, ಅದೇ ಜಾಗವನ್ನು ಒಂದಲ್ಲ, ಮೂರು ಸಲ, ಮೂರು ಬಗೆಯಲ್ಲಿ ಹಾಡಿ ತೋರಿಸುತ್ತಾರೆ. ಸ್ವಚ್ಛ ಮಾಡಿದ ಪ್ರತಿಯಲ್ಲಿ ಮುದುಕರ ಕೋರಿಕೆಯೂ ಇಲ್ಲ, ಗವಾಯಿಗಳ ನಗುವೂ ಇಲ್ಲ, ಮೂರು ಪುನರುಕ್ತಿ ಮಾತ್ರ ಉಳಿದಿವೆ. ಗೊತ್ತಿಲ್ಲದವರು ಕೇಳಿದರೆ 'ವಯಸ್ಸಾಗಿತ್ತು ಪಾಪ, ಹಾಡಿದ್ದನ್ನೇ ಹಾಡುತ್ತಾರೆ' ಎಂದಾರು. ಉತ್ತರವನ್ನು ಉಳಿಸಿ ಪ್ರಶ್ನೆಯನ್ನು ಅಳಿಸಿದರೆ ಹೀಗೆಯೇ ಆಗುತ್ತದೆ.

ಅದಕ್ಕಿಂತ ದೊಡ್ಡ ಅಪರಾಧ ಇನ್ನೊಂದಿತ್ತು. ಬೆರಳ ಗೆಣ್ಣಿನ ಮೇಲೆ ತಾಲ ಎಣಿಸುವುದನ್ನು ಅಪ್ಪ ನನಗೆ ಕಲಿಸಿದ್ದರು. ಎಣಿಸುತ್ತ ಹೋದೆ. ಆ ಆವರ್ತನದಲ್ಲಿ ಹನ್ನೆರಡರ ಬದಲು ಹನ್ನೊಂದಕ್ಕೇ ಸಮ್ ಬಂತು! ಮತ್ತೊಮ್ಮೆ ಎಣಿಸಿದೆ, ಮತ್ತೂ ಹನ್ನೊಂದೇ. ಆ ಲಯದಲ್ಲಿ ಒಂದು ಮಾತ್ರೆಗೆ ನಾಲ್ಕು ಸೆಕೆಂಡಾಗುತ್ತದೆ. ಮಾತು, ನಗು ಕತ್ತರಿಸುವಾಗ ಅದರ ಕೆಳಗೆ ನಡೆದಿದ್ದ ತಬಲಾವನ್ನೂ ಕತ್ತರಿಸಿದ್ದಾರೆ. ಆಯುಷ್ಯವಿಡೀ ತಾಲ ತಪ್ಪದೆ ಹಾಡಿದ ಮನುಷ್ಯನ ಕೈಯಿಂದ, ಸತ್ತ ಮೇಲೆ, ತಾಲ ತಪ್ಪಿಸಿದರು.

ತಂಬೂರಿಯ ಗತಿಯನ್ನೂ ಹೇಳಿಬಿಡುತ್ತೇನೆ. ಟೇಪಿನ ಸೊಯ್ ಎಂಬ ಸದ್ದು ತೆಗೆಯುವ ರೀತಿ ಹೀಗಂತೆ: ಹಾಡಿಲ್ಲದ ಒಂದೆರಡು ಸೆಕೆಂಡಿನ ಜಾಗವನ್ನು ಆರಿಸಿ, 'ಇದು ಗದ್ದಲ, ಇದರ ಗುರುತು ಹಿಡಿದುಕೋ' ಎಂದು ಕಂಪ್ಯೂಟರಿಗೆ ತೋರಿಸುತ್ತಾರೆ. ಅದು ಆ ಗುರುತಿಗೆ ಹೊಂದುವುದನ್ನೆಲ್ಲ ಉದ್ದಕ್ಕೂ ಕಳೆಯುತ್ತ ಹೋಗುತ್ತದೆ. ಇದು ಒಬ್ಬರ ಭಾಷಣಕ್ಕೆ ಸರಿ. ಆದರೆ ನಮ್ಮ ಬೈಠಕ್ಕಿನಲ್ಲಿ ಗವಾಯಿ ಸುಮ್ಮನಿದ್ದಾಗ ಸುಮ್ಮನಿರದ ಒಂದು ವಸ್ತುವಿದೆಯಲ್ಲ! ಎಡೆಬಿಡದೆ ಒಂದೇ ಸಮನೆ ನುಡಿಯುವ ತಂಬೂರಿಯನ್ನೂ ಅದು ಗದ್ದಲವೆಂದೇ ತಿಳಿಯುತ್ತದೆ. ತಂತಿಯ ಕೆಳಗೆ ನೂಲೆಳೆ ಸರಿಸಿ ಸರಿಸಿ ಹೊರಡಿಸುವ ಆ ಜವಾರಿಯ ಝೇಂಕಾರವೇ ಮೊದಲು ಹೋಗುತ್ತದೆ. (ನಮ್ಮ ಕಡೆ ಜವಾರಿ ಎಂದರೆ ನಾಟಿ, ಅಸಲು ಎಂದೂ ಅರ್ಥ. ಇಲ್ಲಿ ಎರಡೂ ಹೋದವು.) ಹಸಿ ಬಟ್ಟೆ ಸುತ್ತಿ ನುಡಿಸಿದ ಹಾಗೆ ಕೇಳುತ್ತಿತ್ತು ನಮ್ಮ ತಂಬೂರಿ. ಸಾಲದ್ದಕ್ಕೆ, ಮೆಲ್ಲಗಿನ ಆಲಾಪವನ್ನೂ ಕೊನೆಯ ದ್ರುತ ತಾನಗಳನ್ನೂ ಒಂದೇ ಮಟ್ಟದ ಗಟ್ಟಿಗೆ ಏರಿಸಿದ್ದರು. ಮೋಟಾರಿನಲ್ಲಿ ಹೋಗುವವರಿಗೂ ಕೇಳಬೇಕಂತೆ.

ಹಾಗಾದರೆ ಹಳೆಯದನ್ನು ಹಳೆಯ ಹಾಗೆಯೇ ಬಿಡಬೇಕೇ? ಕರಕರ ಎನ್ನದಿದ್ದರೆ ಅದು ಅಸಲೇ ಅಲ್ಲ ಎನ್ನುವ ಒಂದು ಪಂಥವೂ ಇದೆ. ಭೀಮಸೇನ ಜೋಶಿಯವರು ಹುಡುಗರಿದ್ದಾಗ ಗದಗಿನಲ್ಲಿ ಖಾನ್ ಸಾಹೇಬರ ಝಿಂಝೋಟಿ ಠುಮರಿಯ ತಟ್ಟೆ ಕೇಳಿ 1933ರಲ್ಲಿ ಮನೆ ಬಿಟ್ಟು ಹೊರಟರಲ್ಲ, ಆ ತಟ್ಟೆ ಮೂರು ಚಿಲ್ಲರೆ ನಿಮಿಷದ್ದು, ಮುಳ್ಳಿನ ಕೆರೆತವೂ ಇದ್ದೇ ಇತ್ತು ಎಂದು ಅವರು ನೆನಪಿಸುತ್ತಾರೆ. ನಿಜ. ಆದರೆ ಭೀಮಸೇನರು ಮನೆ ಬಿಟ್ಟದ್ದು ಕೆರೆತ ಕೇಳಿ ಅಲ್ಲ, ಕೆರೆತದ ಆಚೆಗಿದ್ದ ದನಿ ಕೇಳಿ. ಟ್ರಂಕಿನಲ್ಲಿ ಟೇಪು ಬಚ್ಚಿಟ್ಟು, ಯಾರಿಗೂ ಕೊಡದೆ, ಬೂಷ್ಟು ಹಿಡಿಸಿ, 'ನಮ್ಮ ಬಳಿ ಅಸಲು ಇದೆ' ಎನ್ನುವವರ ಮೇಲೆ ನನಗೆ ಗೌರವವಿಲ್ಲ. ನಾನೂ ಮೂವತ್ತು ವರ್ಷ ಅದನ್ನೇ ಮಾಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ನನ್ನ ಸಿಟ್ಟು ಇಳಿದ ಮೇಲೆ ಹುಡುಗ ತನ್ನ ಕಡೆಯ ಸಾಕ್ಷಿ ತಂದ. ಅವನಿಗೆ ರಾಕ್ ಸಂಗೀತದ ಹುಚ್ಚು. 'ದಿ ಹೂ' ಎಂಬ ಇಂಗ್ಲೆಂಡಿನ ತಂಡ 1970ರ ಫೆಬ್ರುವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದ ಊಟದ ಹಾಲಿನಲ್ಲಿ ಹಾಡಿದ್ದು 'ಲೈವ್ ಅಟ್ ಲೀಡ್ಸ್' ಎಂಬ ತಟ್ಟೆಯಾಯಿತು. ಅದರಲ್ಲಿ ಇದ್ದದ್ದು ಆರೇ ಹಾಡು. ಟೇಪಿನಲ್ಲಿ ಚಟಪಟ ಸದ್ದು ಸೇರಿಕೊಂಡಿತ್ತು. ಆ ಸದ್ದು ಇದ್ದದ್ದೇ, ತಿದ್ದಲು ಹೋಗಬೇಡಿ ಎಂದು ತಟ್ಟೆಯ ಚೀಟಿಯ ಮೇಲೆಯೇ ಬರೆದರು! ಎಷ್ಟು ನೇರ ಮಂದಿ. 1995ರಲ್ಲಿ ಅದನ್ನೇ ಮತ್ತೆ ತಂದಾಗ ಚಟಪಟ ತೆಗೆದು ಹದಿನಾಲ್ಕು ಹಾಡು ಕೊಟ್ಟರು. 2001ರಲ್ಲಿ ಎರಡು ಸಿ.ಡಿ. ಮಾಡಿ ಆ ಸಂಜೆ ಹಾಡಿದ ದೊಡ್ಡ ಕಥನಗೀತವನ್ನೂ ಸೇರಿಸಿದರು. "ಈಗ ಹೇಳ್ರಿ, ಯಾವುದ ಖರೇ?" ಎಂದ ಹುಡುಗ.

ಅವನು ಹಾಕಿಕೊಟ್ಟದ್ದನ್ನು ಕೇಳಿದೆ. ನನ್ನ ಕಿವಿಗೆ ಅದು ಗುಡುಗು, ಒಪ್ಪಿಕೊಳ್ಳುತ್ತೇನೆ. ಆದರೆ ವಾದದಲ್ಲಿ ಅವನು ಅರ್ಧ ಗೆದ್ದ. ಅಲ್ಲಿ ಮರುಮುದ್ರಣ ಆ ಸಂಜೆಯನ್ನು ದೊಡ್ಡದು ಮಾಡಿತು, ಬಿಟ್ಟುಹೋದದ್ದನ್ನು ತಂದು ಸೇರಿಸಿತು. ಹಾಗೆ ತರುವುದಾದರೆ ನಾನೂ ಎರಡನೆಯ ಸಲ ದುಡ್ಡು ಕೊಟ್ಟೇನು. ನಮ್ಮದು ಚಿಕ್ಕದಾಗಿ ಬಂತು. ಎರಡೂ ಹೆಸರಿಗೆ ರೀಮಾಸ್ಟರೇ. ಇನ್ನರ್ಧ ಅವನು ಸೋತದ್ದು ಎಲ್ಲಿ ಎಂದರೆ, 2001ರಲ್ಲಿ ಅವರು ಹಾಡಿನ ಕ್ರಮ ಬದಲಿಸಿ ಆ ಕಥನಗೀತವನ್ನು ಬೇರೆ ತಟ್ಟೆಗೆ ಹಾಕಿದ್ದಾರೆ. ನಡುವೆ ಹಾಡಿದ್ದನ್ನು ಕೊನೆಗೆ ಇಡುವ ಹಕ್ಕು ಯಾರಿಗಿದೆ? ಹೊಸದೊಂದು ಸಂಜೆಯನ್ನೇ ಹುಟ್ಟಿಸಿದ ಹಾಗಾಯಿತದು.

ನಾವು ಕನ್ನಡ ಓದಿದವರಿಗೆ ಈ ಜಗಳ ಹೊಸದಲ್ಲ. ತಾಳೆಗರಿಯಿಂದ ಕಾವ್ಯ ಅಚ್ಚು ಹಾಕುವಾಗ ಪಂಡಿತರು ಏನು ಮಾಡಿದರು? ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ' ಓದಿದವರಿಗೆ ಗೊತ್ತು. ಹುಳು ತಿಂದ ಅಕ್ಷರ, ಲಿಪಿಕಾರನ ಕೈತಪ್ಪು ತಿದ್ದಬಹುದು. ಆದರೆ ತಿದ್ದಿದ್ದನ್ನು ಹೇಳಬೇಕು, ಬೇರೆ ಪ್ರತಿಯಲ್ಲಿದ್ದದ್ದನ್ನು ಅಡಿಯಲ್ಲಿ ಪಾಠಾಂತರವೆಂದು ಕೊಡಬೇಕು. ಕವಿಯ ಛಂದಸ್ಸಿನ ಒಂದು ಮಾತ್ರೆಯನ್ನು ಕದ್ದು, 'ಶುದ್ಧ ಪ್ರತಿ' ಎಂದು ಮಾರಿದ್ದರೆ ಮೈಸೂರಿನಿಂದ ಧಾರವಾಡದವರೆಗೆ ಹಾಹಾಕಾರ ಏಳುತ್ತಿತ್ತು. ಗವಾಯಿಯ ಮಾತ್ರೆಗೆ ಕೇಳುವವರಿಲ್ಲ. ನಾನು ಮಕ್ಕಳ ಪೇಪರು ತಿದ್ದುತ್ತೇನೆ. ಕೆಂಪು ಶಾಯಿಯಲ್ಲಿ ಪಕ್ಕಕ್ಕೆ ಬರೆಯುತ್ತೇನೆ. ಅವರ ಉತ್ತರ ಅಳಿಸಿ ನನ್ನ ಉತ್ತರ ಬರೆದು ಅವರ ಹೆಸರು ಹಾಕುವುದಿಲ್ಲ.

ತಿದ್ದುವವನಿಗೆ ವಿಷಯದ ಅರಿವೂ ಬೇಕು. ಹಳೆಯ ತಟ್ಟೆಗಳೆಲ್ಲ ಹೆಸರಿಗೆ ಎಪ್ಪತ್ತೆಂಟರವು, ನಿಜದ ವೇಗ ಹೆಚ್ಚುಕಡಿಮೆ ಇರುತ್ತಿತ್ತು. ನೂರಕ್ಕೆ ಆರರಷ್ಟು ವೇಗ ತಪ್ಪಿದರೆ ಸುರ ಒಂದು ಪಟ್ಟಿ ಸರಿಯುತ್ತದೆ, ಕರಿ ಒಂದರ ಸಾ ಬಿಳಿ ಎರಡಕ್ಕೆ ಹೋಗುತ್ತದೆ. ಗಂಗೂಬಾಯಿ ಹಾನಗಲ್ಲರ 1930ರ ದಶಕದ ತಟ್ಟೆಗಳಲ್ಲಿ ದನಿ ತೆಳು, ಎತ್ತರ. ಗಂಟಲಿನ ಕಾಯಿಲೆಯಾದ ಮೇಲೆ ಅದು ನಾವೆಲ್ಲ ಕೇಳಿದ ಆ ಗಂಭೀರ ದನಿಯಾಯಿತು. ಇದು ಗೊತ್ತಿಲ್ಲದವನೊಬ್ಬ ಕೂತರೆ, 'ಓಹೋ, ತಟ್ಟೆ ಜೋರಾಗಿ ತಿರುಗಿದೆ' ಎಂದು ವೇಗ ಇಳಿಸಿ, ಇಪ್ಪತ್ತರ ಹುಡುಗಿಗೆ ಅರವತ್ತರ ಗಂಟಲು ಕೊಟ್ಟಾನು.

ನಮ್ಮ ಕ್ಯಾಸೆಟ್ಟಿನಲ್ಲೂ ಅಂಥದೊಂದು ಗುಟ್ಟಿತ್ತು. ಎರಡನೆಯ ಮಗ್ಗುಲಿನ ಕೊನೆಗೆ ಗವಾಯಿಗಳ ಸುರ ಮೆಲ್ಲಮೆಲ್ಲಗೆ ಏರುತ್ತ ಹೋಗುತ್ತದೆ. "ಅವರ ಮೈಯಾಗ ಖಾನ್ ಸಾಹೇಬ್ರ ಬಂದಿದ್ರು" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು, ನಾವೂ ನಂಬಿದ್ದೆವು. ಈ ಸಲ ಹುಡುಗನನ್ನು ಕೂಡಿಸಿಕೊಂಡು ಬರೀ ತಂಬೂರಿಯನ್ನು ಕೇಳಿದೆ. ತಂಬೂರಿಯೂ ಏರುತ್ತಿತ್ತು! ತಂಬೂರಿಯ ಮೈಯಲ್ಲಿ ಯಾರೂ ಬರುವುದಿಲ್ಲ. ಸೆಲ್ಲು ಇಳಿದು ರೆಕಾರ್ಡರಿನ ಮೋಟಾರು ನಿಧಾನವಾಗಿತ್ತು. ನಿಧಾನವಾಗಿ ಮುದ್ರಿಸಿಕೊಂಡದ್ದು ಸರಿಯಾದ ವೇಗದಲ್ಲಿ ನುಡಿಸಿದಾಗ ಎತ್ತರಕ್ಕೆ ಕೇಳುತ್ತದೆ. ಅಂದು ಹೊಸ ಸೆಲ್ಲುಗಳನ್ನು ತರಬೇಕಾಗಿದ್ದವಳು ನಾನು. ಮಾಡದ ಮೇಲೆ ಮರೆತು ಬಂದಿದ್ದೆ.

ಇದನ್ನು ಮಾತ್ರ ತಿದ್ದಬೇಕೆಂದು ನಾನೇ ಹೇಳಿದೆ. ಗವಾಯಿಗಳು ಹಾಡಿದ್ದು ಕರಿ ಒಂದರಲ್ಲಿ, ಕೊನೆಯವರೆಗೂ ಕರಿ ಒಂದರಲ್ಲೇ. ನಮ್ಮ ಮನೆಯ ಒಂದು ಪವಾಡ ಹೋಯಿತು, ಹೋಗಲಿ. ಯಂತ್ರ ಹೇಳಿದ ಸುಳ್ಳನ್ನು ಯಂತ್ರದಿಂದ ತಿದ್ದಿಸುವುದು ನನಗೆ ಒಪ್ಪಿಗೆ. ಹುಡುಗ ಒಳ್ಳೆಯ ಡೆಕ್ಕು ತಂದು, ಅದರ ಹೆಡ್ಡನ್ನು ನಮ್ಮ ಕ್ಯಾಸೆಟ್ಟಿಗೆ ಹೊಂದಿಸಿ, ಮೂಲದಿಂದ ಮತ್ತೆ ಇಳಿಸಿಕೊಂಡ. ಹೆಡ್ಡು ಸರಿ ಕೂತಷ್ಟಕ್ಕೇ ಎಷ್ಟೋ ಮಬ್ಬು ಹರಿಯಿತು. ತಂಬೂರಿಯ ಸಾ ಹಿಡಿದು ವೇಗ ಸರಿಪಡಿಸಿದ. ಉಳಿದದ್ದನ್ನು ಮುಟ್ಟಲಿಲ್ಲ. ಹನ್ನೆರಡಕ್ಕೆ ಸಮ್ ಬಂತು.

ಆಕಾಶವಾಣಿಯವರು 2003ರಿಂದ ತಮ್ಮ ಭಂಡಾರದ ಮುದ್ರಣಗಳನ್ನು 'ಆಕಾಶವಾಣಿ ಸಂಗೀತ' ಎಂಬ ಹೆಸರಿನಲ್ಲಿ ಹೊರತಂದರು. ಇಂಥದ್ದನ್ನೆಲ್ಲ ನಾನು ಸ್ವಾಗತಿಸುವವಳೇ. ಧಾರವಾಡದ ಕೇಂದ್ರ ಶುರುವಾದದ್ದು 1950ರಲ್ಲಿ. ಮನ್ಸೂರರು, ಬಸವರಾಜ ರಾಜಗುರುಗಳು, ಗಂಗೂಬಾಯಿಯವರು ಹಾಡಿದ ಕಾಲವದು. ಜನ ಇನ್ನೂ ಕೇಳದಿರುವ ರಾತ್ರಿಗಳು ಮನೆಮನೆಯ ಟ್ರಂಕುಗಳಲ್ಲೂ ಇರುವಾಗ, ಹತ್ತು ಸಲ ಮಾರಿದ ಅದೇ ಬೈಠಕ್ಕನ್ನು ಹನ್ನೊಂದನೆಯ ಸಲ ಒರೆಸುವುದೇಕೆ? ಒರೆಸಲೇಬೇಕೆಂದಿದ್ದರೆ ಡಬ್ಬಿಯ ಹಿಂದೆ ನಾಲ್ಕು ಸಾಲು ಅಚ್ಚು ಹಾಕಲಿ: ಯಾವ ಟೇಪಿನಿಂದ ತೆಗೆದದ್ದು, ಎಷ್ಟು ನಿಮಿಷವಿತ್ತು, ಎಷ್ಟು ಕತ್ತರಿಸಿದೆವು, ವೇಗ ಬದಲಿಸಿದೆವೋ ಇಲ್ಲವೋ. ಬಿಸ್ಕಿಟಿನ ಪುಡಿಕೆಯ ಮೇಲೆ ಸಕ್ಕರೆ ಎಷ್ಟೆಂದು ಬರೆಯುತ್ತಾರೆ, ಇದಕ್ಕೇನು ಧಾಡಿ?

ಹೊಸ ಪ್ರತಿ ಸಿದ್ಧವಾದಾಗ ಹುಡುಗ ಒಂದು ಅನುಮಾನ ಕೇಳಿದ. ಮೊದಲ ಮಗ್ಗುಲು ಮುಗಿದು ಅಪ್ಪ ಕ್ಯಾಸೆಟ್ಟು ತಿರುಗಿಸಿ ಹಾಕುವಾಗ ದ್ರುತದ ನಡುವೆ ಒಂದಿಷ್ಟು ಹಾಡು ತಪ್ಪಿಹೋಗಿದೆ. ಎರಡೂ ತುದಿ ಕೇಳದ ಹಾಗೆ ಜೋಡಿಸಿಬಿಡಲೇ, ಯಾರಿಗೂ ಗೊತ್ತಾಗುವುದಿಲ್ಲ ಎಂದ.

"ಬ್ಯಾಡಪಾ" ಎಂದೆ. "ಅಲ್ಲಿ ಹಾಡ ಇಲ್ಲ ಅನ್ನೂದ ಗೊತ್ತಾಗಲಿ."

ಗುಂಡಿಯ ಕಟ್ ಎಂಬ ಸದ್ದು, ಮೂರು ಸೆಕೆಂಡು ಸುಮ್ಮನೆ, ಮತ್ತೊಂದು ಕಟ್. ಹಾಗೆಯೇ ಬಿಟ್ಟಿದ್ದಾನೆ.