ಸಹಿ ಇದ್ರ ಹಾಜರಿ ಆಗೂದಿಲ್ಲ (ಭಾಗ 3)

ದೋಸ್ತರ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಹಳ್ಳಿಗಳಿಂದ ಬಸ್ ಹತ್ತಿ ಜಮಖಂಡಿ ಕಾಲೇಜಿಗೆ ಬರಾವ್ರಿಗೆ ಒಂದು ಪ್ರಶ್ನೆ: ನಿಮ್ಮೂರ ಗ್ರಾಮಸಭೆಗೆ ಎಷ್ಟು ಮಂದಿ ಬಂದಿದ್ರು? "ಕೋರಂ ಆಗಿತ್ತು" ಅನ್ನೋದು ಉತ್ತರ ಅಲ್ಲ.

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಮತದಾರರ ಹತ್ತನೇ ಒಂದು ಭಾಗ ಇಲ್ಲಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಇರಬೇಕು. ಸರ್ಕಾರಿ ಮನೆ ಯಾರಿಗೆ ಅನ್ನೋ ಫಲಾನುಭವಿ ಪಟ್ಟಿ ಬರೋದು ಅದೇ ಸಭೆ ಮುಂದ. ಸಭೆ ಮುಗಿದ ಮ್ಯಾಲೆ ಮನಿ ಮನಿ ತಿರುಗಿ ಸಹಿ ಕೂಡಿಸಿದ್ರ, ಬರದವರ ಸಹಿಯಿಂದ ಪಟ್ಟಿ ಪಾಸಾಗ್ತದ. ಎದ್ದು ನಿಂತು ಕೇಳಬೇಕಾದ ಮುದುಕಿಗೆ ಸಭೆ ಆಗಿದ್ದೇ ಗೊತ್ತಿರಂಗಿಲ್ಲ.

"ಎಕ್ಸೆಲ್‌ನ್ಯಾಗ ಒಟ್ಟು 104 ಅಂತ ಬರದ್ರ ಸಾಕಲ್ಲ?" ಸಾಕಾಗಂಗಿಲ್ಲ. ಮೂರು ಟೇಬಲ್ ಬೇಕು: ಮತದಾರರು, ಸಭೆ, ಹಾಜರಿ. ಒಂದು ಸಭೆಗೆ ಒಬ್ಬರ ಹೆಸರು ಒಂದೇ ಸಲ. ಎರಡನೇ ಸಲ ಹಾಕಿದ್ರ ಫಾರ್ಮ್ ತಗೋಬಾರದು. ಸಮಯ ತಾನೇ ಬೀಳಬೇಕು. ಒಟ್ಟು ಎಷ್ಟು, ಹೆಣ್ಣುಮಕ್ಕಳು ಎಷ್ಟು ಅನ್ನೋದು ಕ್ವೆರಿಯಿಂದ ಬರಬೇಕು, ಯಾರೋ ಕೈಲಿಂದ ತುಂಬಬಾರದು. ತಪ್ಪಾದ್ರ ಅಳಿಸೂದಿಲ್ಲ. ಜರ್ನಲ್‌ನ್ಯಾಗ ಮಾಡಿದಂಗ ತಿದ್ದುಪಡಿ ಎಂಟ್ರಿ ಹಾಕೂದು.

"ಸುಳ್ಳು ತುಂಬಾವ್ರು ಫಾರ್ಮ್‌ನ್ಯಾಗೂ ತುಂಬ್ತಾರ" ಅಂತೀರಿ. ಖರೇ. ಅದಕ್ಕ ಸಭೆ ಏಳೂಕಿಂತ ಮೊದಲು ಪಟ್ಟಿ ಮೈಕಿನ್ಯಾಗ ಓದಬೇಕು. ಯಾರು ಬಂದಿಲ್ಲ ಅನ್ನೋದು ಎದುರು ಕುಂತವರಿಗೆ ಗೊತ್ತಿರತದ.

ಲ್ಯಾಬ್‌ನ್ಯಾಗ ಅದೇ ಸ್ಟೂಡೆಂಟ್ ಡೇಟಾಬೇಸ್ ಮಾಡಿ, ಪ್ರಿಂಟ್ ಹಚ್ಚಿ ಮಾರ್ಕ್ಸ್ ತಗೊಂಡಿದ್ದು ಸಾಕು. ಈ ಸಲದ ಪ್ರಾಜೆಕ್ಟ್ ಇದನ್ನ ಮಾಡ್ರಿ. ಮುಂದಿನ ಗ್ರಾಮಸಭೆಗೆ ಹೋಗ್ರಿ, ಮೊದಲ ಎಂಟ್ರಿ ನಿಮ್ಮ ಹೆಸರೇ ಹಾಕ್ರಿ.

#ಗ್ರಾಮಸಭೆ #ಜಮಖಂಡಿ #ಬಿಕಾಂ