ಸಕ್ಕರೆ ಕಾಯಿಲೆಯ ಕಣ್ಣು ಮೂಳೆಯ ಮೇಲೂ ಇದೆ!



ಕಳೆದ ಸಂಚಿಕೆಯಲ್ಲಿ ಬಸ್ಸಾರಿನ ವಿಚಾರ ಬರೆದಿದ್ದೆ. ಈ ಸಲವೂ ಅಡುಗೆಮನೆಯಿಂದಲೇ ಶುರು ಮಾಡೋಣ ಅಂತಿದ್ದೆ. ಆದರೆ ಮನಸ್ಸು ನಮ್ಮ ಮನೆ ಹಿತ್ತಲಿಗೇ ಹೋಗುತ್ತೆ. ಕಳೆದ ಶಿವರಾತ್ರಿಯ ದಿನ ಅಲ್ಲಿ ನಡೆದದ್ದನ್ನು ನಿಮ್ಮ ಮುಂದೆ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ನಮ್ಮ ಅತ್ತೆಯವರಿಗೆ 68 ವರ್ಷ. ಸಕ್ಕರೆ ಕಾಯಿಲೆ ಬಂದು 14 ವರ್ಷವಾಯ್ತು. ಶಿವರಾತ್ರಿ ಉಪವಾಸ ಬಿಟ್ಟವರಲ್ಲ. ಅವತ್ತೂ ಒಂದು ಬಾಳೆಹಣ್ಣು, ಅರ್ಧ ಲೋಟ ಹಾಲು, ಅಷ್ಟೇ. ‘ಊಟ ತಪ್ಪಿದರೂ ಮಾತ್ರೆ ತಪ್ಪಬಾರದು’ ಅಂತ ರಾತ್ರಿ ಮಾತ್ರೆ ಕೊಟ್ಟವಳು ನಾನೇ. ಬೆಳಗಿನ ಜಾವ ಎದ್ದು ಹಿತ್ತಲಿಗೆ ಹೋದವರು ಬಚ್ಚಲ ಬಾಗಿಲಲ್ಲೇ ಬಿದ್ದರು. ಮೈಯೆಲ್ಲ ಬೆವರು, ಮಾತು ತೊದಲು. ಸೊಂಟದ ಕೀಲಿನ ಹತ್ತಿರ ತೊಡೆಯ ಮೂಳೆ ಮುರಿದಿತ್ತು. ಕೊಳಾಲದಿಂದ ತುಮಕೂರಿನವರೆಗೂ ಅವರ ತಲೆ ನನ್ನ ತೊಡೆಯ ಮೇಲೆ. ‘ಅಳಬೇಡ ಕಣಮ್ಮಾ, ಎಲ್ಲಾ ನನ್ನ ಹಣೆಬರಹ’ ಅಂತ ಅವರೇ ನನಗೆ ಸಮಾಧಾನ ಹೇಳಿದರು. ಹಣೆಬರಹ ಅಲ್ಲ, ನನ್ನ ತಿಳಿಗೇಡಿತನ ಅನ್ನೋದು ಆಮೇಲೆ ಗೊತ್ತಾಯ್ತು.

ನನಗೆ ಅರ್ಥವಾಗದೇ ಇದ್ದದ್ದು ಇನ್ನೊಂದು. ಎರಡು ತಿಂಗಳ ಹಿಂದೆ ಒಂದು ಶಿಬಿರದಲ್ಲಿ ಅತ್ತೆಯವರ ಹಿಮ್ಮಡಿಯನ್ನು ಯಂತ್ರದಲ್ಲಿಟ್ಟು ನೋಡಿ, ‘ಅಜ್ಜಿ ಮೂಳೆ ಗಟ್ಟಿಯಾಗಿದೆ’ ಅಂದಿದ್ದರು. ಗಟ್ಟಿ ಮೂಳೆ ನಿಂತ ನಿಲುವಿನಲ್ಲಿ ಬಿದ್ದರೆ ಮುರಿಯುತ್ತಾ? ಡಾಕ್ಟರನ್ನು ಕೇಳಿಯೇ ಬಿಟ್ಟೆ. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳ್ತೀನಿ.

ನಮ್ಮ ಕಡೆ ಹಳೇ ಮನೆಗಳ ಮಣ್ಣಿನ ಗೋಡೆ ನೋಡಿದ್ದೀರಲ್ಲ? ಮಣ್ಣಿಗೆ ಹುಲ್ಲು ಹಾಕಿ ತುಳಿದು ಕಟ್ಟುತ್ತಿದ್ದರು. ಮೂಳೆಯೂ ಹಾಗೆಯೇ. ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಅದು ಮಣ್ಣು. ಕೊಲಾಜೆನ್ ಅನ್ನೋ ಎಳೆ ಇದೆ, ಅದು ಹುಲ್ಲು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಅದು ಈ ಎಳೆಗಳಿಗೆ ಅಂಟಿಕೊಂಡು ಅವನ್ನು ಪೆಡಸು ಮಾಡುತ್ತೆ. ಹಳೇ ಮೂಳೆ ಸವೆದು ಹೊಸದು ಕಟ್ಟುವ ಕೆಲಸವೂ ನಿಧಾನವಾಗುತ್ತೆ. ಯಂತ್ರ ಮಣ್ಣಿನ ಲೆಕ್ಕ ಹೇಳೀತು, ಹುಲ್ಲು ಪೆಡಸಾಗಿದ್ದು ಅದಕ್ಕೆ ಕಾಣದು. ಅದಕ್ಕೇ ದೊಡ್ಡವರಾದ ಮೇಲೆ ಬರುವ ಸಕ್ಕರೆ ಕಾಯಿಲೆಯಲ್ಲಿ ಪರೀಕ್ಷೆ ಸರಿಯಿದ್ದರೂ ಮೂಳೆ ಮುರಿಯುವ ಭಯ ಬೇರೆಯವರಿಗಿಂತ ಹೆಚ್ಚು. ಚಿಕ್ಕ ವಯಸ್ಸಿನಲ್ಲೇ ಬಂದು ಇನ್ಸುಲಿನ್ ಮೇಲಿರುವವರಿಗಂತೂ ಮಣ್ಣೂ ಕಡಿಮೆ. ಮುರಿದದ್ದು ಕೂಡಿಕೊಳ್ಳೋದೂ ತಡ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಹೇಗೂ ಸವೆಯುತ್ತೆ. ಅದಕ್ಕೆ ಇದೂ ಸೇರಿಕೊಂಡರೆ ಕೇಳಬೇಕೇ?

ಇನ್ನು ಬೀಳೋದಕ್ಕೆ ಕಾರಣಗಳು. ಪಾದ ಜೋಮು ಹಿಡಿದು ನೆಲ ತಿಳಿಯೋಲ್ಲ, ಕಣ್ಣು ಮಂಜು, ರಾತ್ರಿ ಮೂರು ಸಲ ಏಳಬೇಕು. ಎಲ್ಲಕ್ಕಿಂತ ಮೋಸದ್ದು, ಸಕ್ಕರೆ ಇದ್ದಕ್ಕಿದ್ದಂತೆ ಇಳಿಯೋದು. ಗ್ಲಿಮೆಪಿರೈಡ್ ಜಾತಿಯ ಮಾತ್ರೆ, ಇನ್ಸುಲಿನ್ ತೊಗೊಂಡು ಊಟ ಬಿಟ್ಟರೆ ಹೀಗಾಗುತ್ತೆ. ನಮ್ಮ ಮನೆಯಲ್ಲಿ ಆದದ್ದೂ ಇದೇ. ಉಪವಾಸ ಮಾಡುವವರು ವಾರ ಮೊದಲೇ ಡಾಕ್ಟರ ಹತ್ತಿರ ‘ಆ ದಿನ ಮಾತ್ರೆ ಹೇಗೆ?’ ಅಂತ ಕೇಳಿ. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಮೂರು ಚಮಚ ಸಕ್ಕರೆ ಕಲಸಿದ ನೀರು ಕುಡಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಓಡಿ. ಪಯೋಗ್ಲಿಟಜೋನ್ ಅನ್ನೋ ಮಾತ್ರೆ ಹೆಂಗಸರಲ್ಲಿ ಮೂಳೆ ಮುರಿತ ಹೆಚ್ಚಿಸುತ್ತೆ ಅನ್ನೋದು 2007ರಿಂದಲೇ ವೈದ್ಯರಿಗೆ ತಿಳಿದ ವಿಷಯ. ನಿಮ್ಮ ಚೀಟಿಯಲ್ಲಿ ಆ ಹೆಸರಿದ್ದರೆ ಕೇಳಿ. ನೀವಾಗಿ ನಿಲ್ಲಿಸಬೇಡಿ.

ನಮ್ಮ ಸೀಮೆಗೆ ಇನ್ನೊಂದು ಪೀಡೆ ಉಂಟು. ಪಾವಗಡ, ಮಧುಗಿರಿ, ಸಿರಾ, ಕೊರಟಗೆರೆ ಕಡೆ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ, ಅನ್ನೋದು ಸರ್ಕಾರದ ಅಳತೆ. ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಹಲ್ಲು ಕಂದು, ಕೀಲು ಬಿಗಿ, ಬೆನ್ನು ಬಗ್ಗದು. ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಬಾಯಾರಿಕೆ ಜಾಸ್ತಿ, ಹೆಚ್ಚು ನೀರು ಕುಡೀತಾರೆ, ಫ್ಲೋರೈಡೂ ಹೆಚ್ಚು ಹೋಗುತ್ತೆ. ಕುದಿಸಿದರೆ ಹೋಗುತ್ತೆ ಅಂತ ತಿಳಿಯಬೇಡಿ. ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತೆ! ಕುಡಿಯೋದಕ್ಕೂ ಅಡುಗೆಗೂ ಶುದ್ಧ ನೀರಿನ ಘಟಕದ ಕ್ಯಾನು ತನ್ನಿ. ಬೋರ್‌ವೆಲ್ ನೀರು ಪಾತ್ರೆ, ಬಟ್ಟೆಗೆ ಸಾಕು.

ಇನ್ನು ಊಟ. ಅತ್ತೆಗೆ ಶುಗರ್ ಅಂತ ನಾನು ಹಾಲು ನಿಲ್ಲಿಸಿದ್ದೆ. ಅದು ಎರಡನೇ ತಪ್ಪು. ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಸಕ್ಕರೆ ಹಾಕದ ಒಂದು ಲೋಟ ಹಾಲಿನಲ್ಲಿ ಸುಮಾರು 240 ಸಿಗುತ್ತೆ. 70 ಗ್ರಾಂ ರಾಗಿ ಹಿಟ್ಟಿನ ಒಂದು ಮುಷ್ಟಿ ಮುದ್ದೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ರಾಗಿ ಎಷ್ಟು ತಿಂದರೂ ಸಕ್ಕರೆ ಏರೋಲ್ಲ ಅನ್ನೋದು ಸುಳ್ಳು. ಮುದ್ದೆ ಒಂದೇ, ಸೊಪ್ಪು ಕಾಳಿನ ಸಾರು ಧಾರಾಳವಾಗಿರಲಿ. ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಊಟ ಬದಲಾಯಿಸಬೇಕು.

ನುಗ್ಗೆಸೊಪ್ಪು-ಎಳ್ಳಿನ ಚಟ್ನಿಪುಡಿ

ಬೇಕಾಗುವ ಸಾಮಾನು: ಸಿಪ್ಪೆ ತೆಗೆಯದ ಎಳ್ಳು ಒಂದು ಬಟ್ಟಲು, ನೆರಳಲ್ಲಿ ಒಣಗಿಸಿದ ನುಗ್ಗೆಸೊಪ್ಪು ಎರಡು ಬಟ್ಟಲು, ಕಡಲೆಬೇಳೆ ಕಾಲು ಬಟ್ಟಲು, ಒಣಮೆಣಸಿನಕಾಯಿ ಎಂಟು, ಬೆಳ್ಳುಳ್ಳಿ ಹತ್ತು ಎಸಳು, ಚಿಟಿಕೆ ಹುಣಸೆ, ಉಪ್ಪು.

ಮಾಡುವ ವಿಧಾನ: ಬೇಳೆ, ಮೆಣಸಿನಕಾಯಿ, ಎಳ್ಳನ್ನು ಬೇರೆ ಬೇರೆ ಸಣ್ಣ ಉರಿಯಲ್ಲಿ ಹುರಿಯಿರಿ. ಸೊಪ್ಪನ್ನು ಗರಿಗರಿಯಾಗುವಷ್ಟು ಬಿಸಿ ಮಾಡಿ. ಬೆಳ್ಳುಳ್ಳಿ ಬಾಡಿಸಿ. ಆರಿದ ಮೇಲೆ ಎಲ್ಲ ಸೇರಿಸಿ ತರಿತರಿಯಾಗಿ ಪುಡಿ ಮಾಡಿ. ಎಳ್ಳಿನ ಕ್ಯಾಲ್ಸಿಯಂ ಬಹುಪಾಲು ಸಿಪ್ಪೆಯಲ್ಲೇ ಇರೋದರಿಂದ ಬಿಳಿ ಮಾಡಿದ ಎಳ್ಳು ಬೇಡ. ಮುದ್ದೆ, ರೊಟ್ಟಿಗೆ ದಿನಾ ಎರಡು ಚಮಚ ಸಾಕು.

ನನಗೂ ಹೋದ ವರ್ಷ ಸಕ್ಕರೆ ಕಾಣಿಸಿಕೊಂಡಿದೆ. ಹಾಗಾಗಿ ಈಗ ದಿನಾ ಎಳೆ ಬಿಸಿಲಲ್ಲಿ ಅರ್ಧ ಗಂಟೆ ನಡೀತೀನಿ, ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳ್ತೀನಿ, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಪರೀಕ್ಷೆ. ಬಚ್ಚಲಿಗೆ ಹಿಡಿಯಲು ಕಬ್ಬಿಣದ ಸರಳು, ಹಿತ್ತಲ ದಾರಿಗೆ ದೀಪ ಹಾಕಿಸಿದ್ದೀವಿ. ಎಲ್ಲ ಸೇರಿ ಎರಡು ಸಾವಿರ ಆಗಲಿಲ್ಲ. ಅದೇ ಶಿವರಾತ್ರಿಗೆ ಮೊದಲೇ ಆಗಿದ್ದರೆ!

ಅತ್ತೆಯವರು ಈಗ ವಾಕರ್ ಹಿಡಿದು ತುಳಸಿ ಕಟ್ಟೆಯವರೆಗೆ ಬರ್ತಾರೆ. ಮೊನ್ನೆ, ‘ಮುಂದಿನ ಶಿವರಾತ್ರಿಗೆ ಉಪವಾಸ ಇರ್ಲೇನೇ?’ ಅಂದರು. ‘ಡಾಕ್ಟರನ್ನ ಕೇಳೋಣ, ಅವರು ಬೇಡ ಅಂದ್ರೆ ನಿಮ್ಮ ಪಾಲಿನ ಉಪವಾಸ ನಾನಿರ್ತೀನಿ’ ಅಂದೆ. ‘ನಿನಗೂ ಶುಗರ್ ಅಲ್ಲವೇನೇ!’ ಅಂತ ನಕ್ಕರು. ಬಿದ್ದ ಮೇಲೆ ಅವರು ಹಾಗೆ ನಕ್ಕಿದ್ದು ಅದೇ ಮೊದಲು.

ನಿಮ್ಮ ಮನೆಯ ಬಚ್ಚಲ ಬಾಗಿಲನ್ನು ಇವತ್ತೇ ಒಂದು ಸಲ ನೋಡಿ ಬನ್ನಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.